“ಒಳಗೆ ಏನೂ ಇಲ್ಲ, ಫಾರ್ಮ್ಯಾಟ್ ಹೊಡೆದುಬಿಡಿ”

ಕುಮಟಾದಲ್ಲಿ ನಾನು ಕೆಲಸ ಮಾಡುವ ರಿಪೇರಿ ಅಂಗಡಿಗೆ ಬರುವವರು ಕಂಪ್ಯೂಟರಿಗೆ ಏನಾಗಿದೆ ಅಂತ ಹೇಳುವುದು ಕಡಿಮೆ. ನೇರ ಔಷಧಿಯನ್ನೇ ಹೇಳುತ್ತಾರೆ: “ಫಾರ್ಮ್ಯಾಟ್ ಹೊಡೆದು ಹೊಸ ವಿಂಡೋಸ್ ಹಾಕಿಕೊಡಿ.” ಅಂದರೆ ಡಿಸ್ಕ್ ಅಳಿಸಿ ಹೊಸದಾಗಿ ಶುರು ಮಾಡಿ ಅಂತ. ಡೇಟಾ ಏನಾದರೂ ಇದೆಯಾ ಅಂತ ಕೇಳಿದರೆ “ಏನೂ ಇಲ್ಲ” ಅಂತಾರೆ. ಆ ಮಾತನ್ನು ನಾನು ನಂಬುವುದಿಲ್ಲ. ಅವರು ಸುಳ್ಳು ಹೇಳುತ್ತಿಲ್ಲ, ನಾನು ಕೇಳುವ ರೀತಿಯೇ ಅವರಿಗೆ ಮುಟ್ಟುವುದಿಲ್ಲ.

ಅದಕ್ಕೇ ಬೇರೆ ಥರ ಕೇಳುತ್ತೇನೆ. ಮಗಳ ಮದುವೆ ಫೋಟೊ ಎಲ್ಲಿಟ್ಟಿದ್ದೀರಿ? ತೋಟದ ಲೆಕ್ಕ ಎಕ್ಸೆಲ್‌ನಲ್ಲಿ ಬರೀತೀರಾ? ಟ್ಯಾಲಿ ಇದೆಯಾ? ಸ್ಕ್ಯಾನ್ ಮಾಡಿಟ್ಟ ಪಹಣಿ ಎಲ್ಲಿದೆ? ಆಗ ತಲೆ ಕೆರೆದುಕೊಳ್ಳುತ್ತಾರೆ. “ಅದೆಲ್ಲ ಡೆಸ್ಕ್‌ಟಾಪ್ ಮೇಲಿದೆ, ಸಿ ಡ್ರೈವ್‌ನಲ್ಲಿ ಅಲ್ವಲ್ಲ!” ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಮೂರೂ ಸಾಮಾನ್ಯವಾಗಿ ಸಿ ಡ್ರೈವ್‌ನ ಯೂಸರ್ಸ್ ಫೋಲ್ಡರ್ ಒಳಗೇ ಇರುತ್ತವೆ. ಸಿ ಅಳಿಸಿದರೆ ಅವೂ ಹೋದವು.

ಕನ್ನಡ ಟೈಪ್ ಮಾಡುವವರಿಗೆ ಇನ್ನೊಂದು ತಾಪತ್ರಯ ಉಂಟು. ದೇವಸ್ಥಾನದ ಜಮಾ-ಖರ್ಚು ಬರೆಯುವ ನಿವೃತ್ತ ಮಾಸ್ತರರೊಬ್ಬರು ಬೇರೆಲ್ಲೋ ವಿಂಡೋಸ್ ಹಾಕಿಸಿಕೊಂಡು ನಮ್ಮಲ್ಲಿಗೆ ಬಂದರು. “ತಮ್ಮಾ, ಫೈಲಿಗೆಲ್ಲ ವೈರಸ್ ಹೊಡೆದಿದೆ, ನೋಡು.” ತೆರೆದರೆ ಇಂಗ್ಲಿಷ್ ಅಕ್ಷರ, ಕೊಂಬು ಬಾಲದ ಚಿಹ್ನೆ ಎಲ್ಲ ಕಲಸಿಕೊಂಡು ಕೂತಿವೆ. ವೈರಸ್ಸೂ ಇಲ್ಲ, ಮಣ್ಣೂ ಇಲ್ಲ. ಅವು ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬರೆದ, ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಫೈಲುಗಳು. ಫಾಂಟ್ ಹೋದರೆ ಕನ್ನಡವೂ ಹೋದಂತೆ ಕಾಣುತ್ತದೆ. ನುಡಿ ಹಾಕಿದ ಮೇಲೆ ಹುಂಡಿ ಲೆಕ್ಕ, ಎಣ್ಣೆ ಖರ್ಚು ಎಲ್ಲ ಸಾಲಾಗಿ ಬಂತು. ಹಾಗಾಗಿ ಫೈಲಿನ ಜೊತೆ ವಿಂಡೋಸ್ ಒಳಗಿನ ಫಾಂಟ್ಸ್ ಫೋಲ್ಡರನ್ನೂ ಕಾಪಿ ಮಾಡಿಟ್ಟುಕೊಳ್ಳಿ.

ಇನ್ನು, ಫಾರ್ಮ್ಯಾಟ್ ನಿಜವಾಗಿ ಬೇಕಾ ಅನ್ನೋದು. ನಮ್ಮ ಕರಾವಳಿಯಲ್ಲಿ ಉಪ್ಪುಗಾಳಿ, ಮೇಲಿಂದ ಮಳೆಗಾಲದ ತೇವ. ಆಷಾಢದಲ್ಲಿ ಬರುವ ನೀಲಿ ಪರದೆಯ (ವಿಂಡೋಸ್ ಕೈಕೊಟ್ಟು ನಿಂತಾಗ ಕಾಣುವುದು) ಕೇಸುಗಳಲ್ಲಿ ನಾನು ಮೊದಲು ಕರೆಂಟ್ ತೆಗೆದು, ಮೆಮೊರಿ ಕಡ್ಡಿಯಾದ ರ‍್ಯಾಮ್ ಬಿಚ್ಚುತ್ತೇನೆ. ಚಿನ್ನದ ಬಣ್ಣದ ಹಲ್ಲುಗಳು ಮಂಕಾಗಿರುತ್ತವೆ. ಪೆನ್ಸಿಲ್ ರಬ್ಬರಿನಿಂದ ಮೆತ್ತಗೆ ಉಜ್ಜಿ, ಸ್ಲಾಟನ್ನು ಒಣ ಬ್ರಷ್‌ನಿಂದ ಗುಡಿಸಿ ಮತ್ತೆ ಕೂರಿಸಿದರೆ ಎಷ್ಟೋ ಸಲ ಹಳೆ ವಿಂಡೋಸೇ ಸುಮ್ನೆ ಎದ್ದು ಕೂರುತ್ತದೆ. ಆಮೇಲೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ, ಡಿಸ್ಕಿನ ಆರೋಗ್ಯ ಹೇಳುವ ತಂತ್ರಾಂಶ ಹಾಕಿ ನೋಡುತ್ತೇನೆ. ಅದು ಎಚ್ಚರಿಕೆ ತೋರಿಸಿದರೆ ಅದೇ ಡಿಸ್ಕಿಗೆ ಹೊಸ ವಿಂಡೋಸ್ ಹಾಕುವುದು ದುಡ್ಡು ದಂಡ. ಮೊದಲು ಫೈಲ್ ಎತ್ತಬೇಕು, ಆಮೇಲೆ ಹೊಸ ಥರದ ಡಿಸ್ಕಾದ ಎಸ್‌ಎಸ್‌ಡಿ.

ಹೊಸ ಲ್ಯಾಪ್‌ಟಾಪ್ ಆದರೆ ಬಿಟ್‌ಲಾಕರ್ (ವಿಂಡೋಸ್ ಡಿಸ್ಕಿಗೆ ಹಾಕುವ ಬೀಗ) ನೋಡದೆ ಕೈ ಹಾಕಬೇಡಿ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕಿಗೆ ಬೀಗ ತಾನಾಗಿಯೇ ಬಿದ್ದಿರುತ್ತದೆ, ವಿಂಡೋಸ್ ಕೆಟ್ಟ ಮೇಲೆ ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಸಿಕ್ಕಿಸಿದರೂ 48 ಅಂಕಿಯ ಕೀ ಇಲ್ಲದೆ ಒಂದು ಫೋಟೊ ಕೂಡ ಹೊರಗೆ ಬರುವುದಿಲ್ಲ. ಆ ಕೀ ಸಾಮಾನ್ಯವಾಗಿ ಖಾತೆಯಲ್ಲೇ ಇರುತ್ತದೆ. ಖಾತೆ ಮಾಡಿಕೊಟ್ಟವನು ಬೆಂಗಳೂರಿನಲ್ಲಿರುವ ಮಗ! ಅವನಿಗೆ ಫೋನ್ ಹಚ್ಚಿ, ಅವನ ಮೀಟಿಂಗ್ ಮುಗಿಯುವವರೆಗೆ ಕಾಯುವುದೂ ಈ ಕೆಲಸದ ಭಾಗವೇ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತಿತು, ಹಾಗಾಗಿ ಹಳೆ ಮಶೀನಿಗೂ “ಹನ್ನೊಂದೇ ಹಾಕಿ” ಅನ್ನುವವರು ಜಾಸ್ತಿ. ಟಿಪಿಎಂ 2.0 (ಭದ್ರತೆಯ ಚಿಪ್) ಇಲ್ಲದಿದ್ದರೆ, ಇಂಟೆಲ್ ಪ್ರೊಸೆಸರ್ 8ನೇ ತಲೆಮಾರಿಗಿಂತ ಹಿಂದಿನದಾದರೆ ಅದು ಸಾಮಾನ್ಯವಾಗಿ ಮೈಕ್ರೋಸಾಫ್ಟ್ ಲೆಕ್ಕಕ್ಕೆ ಬರುವುದಿಲ್ಲ. ಅಡ್ಡದಾರಿ ಇದೆ, ಆದರೆ ಗಿರಾಕಿಯ ಮಶೀನಿಗೆ ನಾನು ಆ ದಾರಿ ಹಿಡಿಯುವುದಿಲ್ಲ.

ವಿಂಡೋಸ್ ಹಾಕುವ ಕೆಲಸ ಸಲೀಸು. 8 ಜಿಬಿ ಪೆನ್‌ಡ್ರೈವ್ ಸಾಕು. ಮಳೆಗಾಲದಲ್ಲಿ ಯುಪಿಎಸ್ ಇಲ್ಲದೆ ಶುರು ಮಾಡಬೇಡಿ, ಅಷ್ಟೇ. ಎಸ್‌ಎಸ್‌ಡಿ ಹಾಕಿದ್ದರೆ ಹಳೆ ಡಿಸ್ಕನ್ನು ಕವರಿಗೆ ಹಾಕಿ, ಹೆಸರು ಬರೆದು ಗಿರಾಕಿಯ ಕೈಗೇ ಕೊಡುತ್ತೇನೆ. “ಇದನ್ನ್ಯಾಕೆ, ನೀವೇ ಇಟ್ಕೊಳ್ಳಿ” ಅಂದರೂ ಕೊಡುತ್ತೇನೆ.