ಘಟ್ಟ ಇಳಿದು ಜಾಕೆಟ್ ಬಿಚ್ಚುವ ಜಾಗ

ಹುಬ್ಬಳ್ಳಿಯ ಗೆಳೆಯರು ಜನವರಿಯಲ್ಲಿ ಬೈಕ್ ತಗೊಂಡು ಬರ್ತೀವಿ ಎಂದಾಗ ಹಾಕಿದ ಕರಾರು ಒಂದೇ. "ಬೀಚ್ ಯಾವುದಾದ್ರೂ ನಡೀತೈತಿ, ಥಂಡಿ ಮಾತ್ರ ಇರಬಾರ್ದು ನೋಡಪಾ." ಜಾಗ ಆರಿಸುವ ಕೆಲಸ ನನ್ನ ತಲೆಗೆ ಬಂತು. ಶಿರಸಿಯಲ್ಲಿ ಕೂತವನಿಗೆ ಇದೇನು ಮಹಾ, ಘಟ್ಟ ಇಳಿದರಾಯಿತು ಎಂದು ನಿಮಗೂ ಅನಿಸಬಹುದು. ಭಾವನೂ ಅದನ್ನೇ ಹೇಳಿದ: "ಸಮುದ್ರದ ಹತ್ರ ಚಳಿ ಎಲ್ಲಿದ್ದು ಮಾರಾಯ? ಎಲ್ಲಿಗಾದ್ರೂ ಹೋಗಿ." ಭಾವ ಕಾರಿನಲ್ಲಿ ಗಾಜು ಏರಿಸಿಕೊಂಡು ಓಡಾಡುವವನು.

ಬೈಕಿನ ಮೇಲೆ ಚಳಿಯ ಲೆಕ್ಕವೇ ಬೇರೆ. ಥರ್ಮಾಮೀಟರಿನಲ್ಲಿ 10 ಡಿಗ್ರಿ ಇದ್ದಾಗ ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋದರೆ ಮೈಗೆ ತಾಗುವುದು 5 ಡಿಗ್ರಿಯ ಚಳಿ. ಮೊದಲು ಬೆರಳ ಗೆಣ್ಣು ಸೆಟೆಯುತ್ತದೆ. ಆಮೇಲೆ ಕ್ಲಚ್ ಹಿಡಿದದ್ದೂ ಬಿಟ್ಟದ್ದೂ ಸರಿಯಾಗಿ ಗೊತ್ತಾಗುವುದಿಲ್ಲ. ಹಾಗಾಗಿ ಎಲ್ಲಿ ಉಳಿಯುತ್ತೇವೆ ಎನ್ನುವುದಕ್ಕಿಂತ ಬೆಳಿಗ್ಗೆ ಏಳಕ್ಕೆ ಯಾವ ರಸ್ತೆಯಲ್ಲಿರುತ್ತೇವೆ ಎನ್ನುವುದನ್ನು ನಾನು ಮೊದಲು ನೋಡುತ್ತೇನೆ.

ಒಬ್ಬ ದಾಂಡೇಲಿ ಎಂದ. ನದಿ, ಕಾಡು ಎಲ್ಲ ಸರಿ, ಆದರೆ ಅದು ಘಟ್ಟದ ಮೇಲಿನ ಊರೇ, ಬೆಳಗಿನ ಮಂಜು ನಮ್ಮೂರಿಗೆ ಸಾಟಿ. ಇನ್ನೊಬ್ಬ ಗೋಕರ್ಣ ಎಂದ. ಓಂ ಬೀಚ್, ಕುಡ್ಲೆ ಬೀಚ್ ಸೀಸನ್ನಿನಲ್ಲಿ ತುಂಬಿ ತುಳುಕುತ್ತವೆ, ರೂಮಿನ ಬಾಡಿಗೆ ಕೇಳುವ ಹಾಗಿಲ್ಲ. ಮುರ್ಡೇಶ್ವರದ 123 ಅಡಿಯ ಶಿವನನ್ನು ಎಲ್ಲರೂ ನೋಡಿಯಾಗಿತ್ತು.

ಕಾರವಾರದ ಬಗ್ಗೆ ಮಾತ್ರ ದೊಡ್ಡ ಚರ್ಚೆ ನಡೆಯಿತು. ಬೆಚ್ಚಗಿನ ಊರು, ಅದರಲ್ಲಿ ಎರಡು ಮಾತಿಲ್ಲ. ಜನವರಿಯಲ್ಲೂ ಕಾರವಾರ, ಹೊನ್ನಾವರಗಳಲ್ಲಿ ಮಧ್ಯಾಹ್ನದ ಉಷ್ಣಾಂಶ 33–34 ಡಿಗ್ರಿ ಮುಟ್ಟುತ್ತದೆ, ಎಷ್ಟೋ ದಿನ ರಾಜ್ಯದಲ್ಲೇ ಮೇಲಿರುತ್ತದೆ. ಪೂರ್ವದ ಒಣಗಾಳಿ ಘಟ್ಟ ಇಳಿಯುತ್ತ ಒತ್ತಡ ಹೆಚ್ಚಿ ಬಿಸಿಯಾಗುತ್ತದೆ. ಅದು ಬೀಸುವಷ್ಟು ಹೊತ್ತು ತಂಪಾದ ಕಡಲಗಾಳಿಗೆ ಒಳಗೆ ಬರಲು ದಾರಿಯಿಲ್ಲ. ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ಬಂದಿದ್ದ ರವೀಂದ್ರನಾಥ ಟ್ಯಾಗೋರರ ಹೆಸರಿನ ಕಡಲತೀರ, ಅಲ್ಲೇ ದಡಕ್ಕೆ ತಂದು ನಿಲ್ಲಿಸಿದ ಐಎನ್‌ಎಸ್ ಚಪಲ್ ನೌಕೆ, ನೋಡಲು ಇದೆ. ಆದರೆ ಅಂಕೋಲಾದಿಂದ ಮುಂದೆ ನಾಲ್ಕು ಪಥದ ಹೆದ್ದಾರಿ, ಸುರಂಗ, ಗೋವಾ ಕಡೆಯ ಲಾರಿಗಳು. ಬೈಕಿನವನಿಗೆ ಅಲ್ಲಿ ಆಕ್ಸಿಲರೇಟರ್ ಹಿಡಿದು ಕೂರುವುದು ಬಿಟ್ಟರೆ ಕೆಲಸವಿಲ್ಲ. ನನ್ನ ಮಟ್ಟಿಗೆ ಅದು ರೈಡ್ ಅಲ್ಲ, ಸಾಗಾಟ.

ಕೊನೆಗೆ ನಾನು ಹೇಳಿದ್ದು ಕುಮಟಾದ ಪಶ್ಚಿಮಕ್ಕೆ, ಹೆದ್ದಾರಿಯಿಂದ ಹೊರಗಿರುವ ಬಾಡ, ಕಾಗಾಲ, ಅಘನಾಶಿನಿ ಊರುಗಳ ಸಾಲು. ಹೆಸರು ಕೇಳಿ ಗೆಳೆಯರಿಗೆ ಅಷ್ಟೇನೂ ಉತ್ಸಾಹ ಬರಲಿಲ್ಲ. ಫೋಟೋ ಹಾಕಿದರೆ ಯಾರಿಗೂ ಗುರುತು ಸಿಗುವುದಿಲ್ಲವಲ್ಲ!

ಹಿಂದಿನ ಸಂಜೆಯೇ ಬಂದು ನಮ್ಮ ಮನೆಯಲ್ಲಿ ಉಳಿದವರು ಆರಕ್ಕೇ ಹೆಲ್ಮೆಟ್ ಹಿಡಿದು ನಿಂತರು. ನಾನು ಒಂಬತ್ತರವರೆಗೆ ಬಿಡಲಿಲ್ಲ. ಅಮ್ಮ ದೋಸೆ, ಜೋನಿ ಬೆಲ್ಲ, ಕಷಾಯ ಕೊಟ್ಟು ಅವರ ಬಾಯಿ ಮುಚ್ಚಿಸಿದಳು. ರಾಗಿಹೊಸಳ್ಳಿ ದಾಟುವಾಗಲೂ ಮರದ ನೆರಳು ಬಿದ್ದ ಕಡೆ ರಸ್ತೆ ಒದ್ದೆಯಿತ್ತು. ಕಾಡೊಳಗಿನ ರಸ್ತೆಗೆ ಬಿಸಿಲು ಬೀಳುವುದೇ ತಡವಾಗಿ. ಅದರ ಮೇಲೆ ಅಗಲೀಕರಣದ ಮಣ್ಣು. ಒದ್ದೆ ಕೆಂಪು ಮಣ್ಣಿನ ಮೇಲೆ ಮುಂದಿನ ಬ್ರೇಕ್ ಮುಟ್ಟಬೇಡಿ ಎಂದು ಮೊದಲೇ ಹೇಳಿದ್ದೆ.

ಘಟ್ಟದ ಮೇಲಿನ ದೇವಿಮನೆಯ ಗುಡಿಗೆ ಕೈ ಮುಗಿದು ಇಳಿಯತೊಡಗಿದರೆ ಒಂದೊಂದು ತಿರುವಿಗೂ ಗಾಳಿ ಬದಲಾಗುತ್ತ ಹೋಗುತ್ತದೆ. ಶಿರಸಿ ಇರುವುದು ಸುಮಾರು 600 ಮೀಟರ್ ಎತ್ತರದಲ್ಲಿ. ಸಾವಿರ ಮೀಟರ್ ಇಳಿದರೆ ಆರೂವರೆ ಡಿಗ್ರಿ ಎಂಬ ಸಾಮಾನ್ಯ ಲೆಕ್ಕ ಹಿಡಿದರೆ ಕೆಳಗೆ ನಾಲ್ಕು ಡಿಗ್ರಿ ಹೆಚ್ಚಬೇಕು. ನಮಗೆ ಸಿಕ್ಕಿದ್ದು ಅದಕ್ಕಿಂತ ಎಷ್ಟೋ ಹೆಚ್ಚು, ಏಕೆಂದರೆ ಇಳಿಯುವಷ್ಟರಲ್ಲಿ ಹೊತ್ತೂ ಏರಿತ್ತು. ಕತಗಾಲದಲ್ಲಿ ಮೊದಲ ಜಾಕೆಟ್ ಬಿಚ್ಚಿತು. ಗಾಳಿ ತಡೆಯಲು ಎದೆಗೆ ಇಟ್ಟುಕೊಂಡಿದ್ದ ಹಳೆಯ ಪೇಪರು ಹೊರಗೆ ಬಂತು. ಕುಮಟಾದಲ್ಲಿ ಬನ್ಸು, ಭಾಜಿ ತಿನ್ನುವಾಗ ಮೂವರೂ ಟೀ ಶರ್ಟಿನಲ್ಲಿದ್ದರು.

ಮನೆ ಆರಿಸುವಾಗ ಮತ್ತೆ ಜಗಳ. ಅಘನಾಶಿನಿ ಹೊಳೆದಂಡೆಯ ಹೋಂಸ್ಟೇ ನೋಡಲು ಚಂದವೇ. ಅಂಗಳದಿಂದಲೇ ಹೊಳೆ, ಆಚೆ ಉಪ್ಪುನೀರು ಬರುವ ಗಜನಿ ಗದ್ದೆಗಳು. ಆದರೆ ಚಳಿಗಾಲದ ರಾತ್ರಿಯಲ್ಲಿ ನೆಲ ಬೇಗ ತಣಿಯುತ್ತದೆ, ಸಮುದ್ರ ತಣಿಯುವುದಿಲ್ಲ. ಗಾಳಿ ನೆಲದಿಂದ ಸಮುದ್ರಕ್ಕೆ ಹರಿಯುತ್ತದೆ. ಘಟ್ಟದ ತಂಪು ಹೊಳೆಯ ಕಣಿವೆಯನ್ನೇ ದಾರಿ ಮಾಡಿಕೊಂಡು ಅಳಿವೆಯವರೆಗೂ ಬರುತ್ತದೆ, ನಸುಕಿನಲ್ಲಿ ಅಲ್ಲಿ ಶಾಲು ಬೇಕು. ಬಾಡದ ಕಡೆ ತೆಂಗಿನ ತೋಟದ ಮರೆಯಲ್ಲಿ, ಪಡುವಣಕ್ಕೆ ಮುಖ ಮಾಡಿದ ಸಾದಾ ಮನೆಯೊಂದಿತ್ತು. ಬೈಕು ನಿಲ್ಲಿಸಲು ಸೋಗೆ ಹೊದೆಸಿದ ಮಾಡು. ಇಬ್ಬನಿಗೂ ಉಪ್ಪುಗಾಳಿಗೂ ಬೈಕನ್ನು ರಾತ್ರಿಯಿಡೀ ಒಡ್ಡಿದರೆ ಚೈನ್ ಕೆಂಪಾಗುತ್ತದೆ. ನಾನು ಆ ಮಾಡನ್ನು ನೋಡಿಯೇ ಒಪ್ಪಿದ್ದು. ಅವರಿಗೆ ಬೇರೇನೂ ಕಾರಣ ಹೇಳಲಿಲ್ಲ, ಬೆಳಿಗ್ಗೆ ಬನಿಯನ್ನಿನಲ್ಲೇ ಹಲ್ಲುಜ್ಜುತ್ತ ನಿಂತಾಗ ಅವರಿಗೇ ಗೊತ್ತಾಯಿತು.

ಮಧ್ಯಾಹ್ನದ ಬಿಸಿಲು ಏರುವ ಮೊದಲು ಅಘನಾಶಿನಿಗೆ ಹೋಗಿ ಬೈಕುಗಳನ್ನು ಹೊಳೆಯಾಚೆಯ ತದಡಿಗೆ ದಾಟಿಸುವ ಬೋಟಿಗೆ ಹತ್ತಿಸಿದೆವು. ನನಗೆ ಇಡೀ ಪ್ರವಾಸದಲ್ಲಿ ಇಷ್ಟವಾದದ್ದು ಇದೇ. ಹಲಗೆಯ ಮೇಲೆ ಹಿಂದಿನ ಚಕ್ರ ಜಾರಿದಾಗ ಹುಬ್ಬಳ್ಳಿಯವನ ಮುಖ ನೋಡಬೇಕಿತ್ತು. ಬೋಟಿನವರು ನಗದೆ, "ಗೇರಿಗೆ ಹಾಕಿಡಿ ಸ್ವಾಮಿ, ಹಿಡ್ಕಂಡೇ ನಿಂತ್ಕಣಿ" ಎಂದರು. ಈ ಹೊಳೆಯ ಒಂದು ಮೂಲ ನಮ್ಮ ಶಿರಸಿಯ ಶಂಕರಹೊಂಡ, ಎಲ್ಲಿಯೂ ಅಣೆಕಟ್ಟು ಕಾಣದೆ ಇಲ್ಲಿ ಬಂದು ಸಮುದ್ರ ಸೇರುತ್ತದೆ ಎಂದು ನಾನು ಜಂಬದಿಂದ ಹೇಳುತ್ತಿದ್ದರೆ, ಅವನ ಕಣ್ಣೆಲ್ಲ ಸೈಡ್ ಸ್ಟ್ಯಾಂಡಿನ ಮೇಲೆ. ಇಳಿತದ ಹೊತ್ತಾದ್ದರಿಂದ ಸೊಂಟದುದ್ದ ನೀರಿನಲ್ಲಿ ಜನ ಬಳಚು, ಅಂದರೆ ಚಿಪ್ಪುಮೀನು, ಆರಿಸುತ್ತಿದ್ದರು. ಆಚೆ ದಡದ ಊಟದ ಮನೆಯಲ್ಲಿ ಅದೇ ಬಳಚಿನ ಸುಕ್ಕ ಸಿಕ್ಕಿತು. ಅವರು ಎರಡನೇ ಸಲ ಹಾಕಿಸಿಕೊಂಡರು, ನಾನು ಮುರುಗಲಿನ ಪಾನಕ ಕುಡಿದೆ. ಸಾಣಿಕಟ್ಟೆಯ ಉಪ್ಪಿನ ಗದ್ದೆಗಳ ಪಕ್ಕದ ರಸ್ತೆಯಲ್ಲಿ ಒಂದು ಸುತ್ತು ಹೊಡೆಯುವಷ್ಟರಲ್ಲಿ ಹೆಲ್ಮೆಟ್ಟಿನೊಳಗೆ ಬೆವರು ಇಳಿಯುತ್ತಿತ್ತು. "ಇಷ್ಟು ಬ್ಯಾಡಾಗಿತ್ತಲೇ" ಎಂದ ಒಬ್ಬ.

ವಾಪಸು ಹೊರಡುವ ದಿನ ಮನೆಯವರ ಬಾವಿಯ ಸಿಹಿನೀರಿನಲ್ಲಿ ಬೈಕು ತೊಳೆದು ಚೈನಿಗೆ ಎಣ್ಣೆ ಹಾಕಿದೆವು. ಅವರು ಅರಬೈಲ್ ಘಟ್ಟದ ದಾರಿ ಹಿಡಿಯುವವರು. ಲಾರಿಗಳ ಹಿಂದೆ ಸಿಕ್ಕಿಹಾಕಿಕೊಂಡರೆ ಯಲ್ಲಾಪುರದಲ್ಲೇ ಕತ್ತಲು, ಆಮೇಲೆ ಹುಬ್ಬಳ್ಳಿಯವರೆಗೆ ಬಯಲು ಗಾಳಿ. ಊಟ ಮುಗಿದ ಕೂಡಲೇ ಅಟ್ಟಿದೆ. ಸಂಜೆ ಕಲಘಟಗಿಯಿಂದ ಫೋನು: ಜಾಕೆಟ್ ಇನ್ನೂ ಬ್ಯಾಗಿನಲ್ಲೇ ಇದೆಯಂತೆ, ಮುಂದಿನ ಸಲ ಹೆಂಡತಿ ಮಕ್ಕಳನ್ನು ಕರೆದುಕೊಂಡು ಕಾರಿನಲ್ಲಿ ಅದೇ ಮನೆಗೆ ಬರುತ್ತಾರಂತೆ. ಕಾರಾದರೆ ಹೊಳೆದಂಡೆಯ ಮನೆಯನ್ನೇ ಹಿಡಿಯಿರಿ ಎಂದೆ.