ಬಾಕಿ ಎಷ್ಟು, ಬಾಕಿ ಯಾಕೆ: ಎಲ್‌ಎಕ್ಯೂ ಉತ್ತರ ಬರೆಯುವ ಮೇಜಿನಿಂದ

ಸದನದಲ್ಲಿ ಗಲಾಟೆಯಾಗಿ ಕಲಾಪ ಮುಂದೂಡಿದರು ಅಂತ ಟಿವಿಯಲ್ಲಿ ಬಂದರೆ ಊರಲ್ಲಿ ಎಲ್ಲರೂ ಬೈಯುತ್ತಾರೆ, ನಮ್ಮ ತೆರಿಗೆ ದುಡ್ಡು ಹಾಳು ಅಂತ. ಅದೇ ಹೊತ್ತಿಗೆ ಸರ್ಕಾರಿ ಕಚೇರಿಗಳಲ್ಲಿ ಕೆಲವರು ಇನ್ನೊಂದು ಚಾ ತರಿಸಿಕೊಂಡು ನಿರಾಳವಾಗಿ ಕೂರುತ್ತಾರೆ. ಅವತ್ತು ಪ್ರಶ್ನೋತ್ತರ ನಡೆದಿರುವುದಿಲ್ಲ. ಸಚಿವರು ಎದ್ದು ನಿಂತು ಉತ್ತರಿಸಬೇಕಾದ ಚುಕ್ಕೆ ಗುರುತಿನ ಪ್ರಶ್ನೆಗೆ ಬರೆದ ಉತ್ತರ ಕಾಗದದಲ್ಲೇ ಮಂಡನೆಯಾಗಿ ಮುಗಿಯಿತು, ಅದರ ಬೆನ್ನಿಗೆ ಬರಬೇಕಿದ್ದ ಉಪಪ್ರಶ್ನೆ ಬರಲೇ ಇಲ್ಲ. ಸಚಿವರ ಕೈಗೆ ಅಂತ ರಾತ್ರಿ ಕೂತು ಸಿದ್ಧಮಾಡಿದ ಪೂರಕ ಟಿಪ್ಪಣಿಯನ್ನು ಯಾರೂ ಬಿಚ್ಚಲಿಲ್ಲ. ಬಾವಿಗಿಳಿದು ಧರಣಿ ಕೂತವರು ಸರ್ಕಾರವನ್ನು ಇಕ್ಕಟ್ಟಿಗೆ ಸಿಕ್ಕಿಸಿದೆವು ಅಂದುಕೊಂಡಿರುತ್ತಾರೆ. ಬಚಾವಾದವರು ಯಾರು ಅಂತ ಉತ್ತರ ತಯಾರಿಸಿದ ನಮಗೆ ಗೊತ್ತು.

ನಾನು ಮಡಿಕೇರಿಯ ಒಂದು ಜಿಲ್ಲಾ ಮಟ್ಟದ ಕಚೇರಿಯಲ್ಲಿ ವಿಷಯ ನಿರ್ವಾಹಕ. ಇಲಾಖೆ ಯಾವುದು ಅನ್ನುವುದು ಬೇಡ. ಅಧಿವೇಶನ ಶುರುವಾದರೆ ವಿಧಾನಸಭೆಯ ಸದಸ್ಯರು ಕೇಳುವ ಪ್ರಶ್ನೆ ಅಂದರೆ ಎಲ್‌ಎಕ್ಯೂ, ವಿಧಾನ ಪರಿಷತ್ತಿನವರದು ಅಂದರೆ ಎಲ್‌ಸಿಕ್ಯೂ, ಎರಡೂ ನನ್ನ ಮೇಜಿಗೆ ಬರುತ್ತವೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಇದನ್ನೆಲ್ಲ ಒಂದು ಶಿಕ್ಷೆ ಅಂತಲೇ ಎಣಿಸುತ್ತಿದ್ದೆ. ಈಗ ನನ್ನ ಅಭಿಪ್ರಾಯ ಬೇರೆ: ನಮ್ಮಂಥ ಕಚೇರಿಯಲ್ಲಿ ಬಾಕಿ ಕೆಲಸವನ್ನು ಒಂದು ದಿನಾಂಕಕ್ಕೆ ನಿಲ್ಲಿಸಿ, ಎಣಿಸಿ, ಸಹಿ ಹಾಕಿಸುವ ತಾಕತ್ತು ಶಾಸಕರ ಒಂದು ಸರಿಯಾದ ಪ್ರಶ್ನೆಗೆ ಇರುವಷ್ಟು ಬೇರೆ ಯಾವುದಕ್ಕೂ ಇಲ್ಲ. ಜಿಲ್ಲೆಯ ಕೆಲಸಗಳ ಪ್ರಗತಿ ಪರಿಶೀಲಿಸುವ ಕೆಡಿಪಿ ಸಭೆಯಲ್ಲಿ 'ಪ್ರಗತಿಯಲ್ಲಿದೆ' ಅಂತ ಹೇಳಿ ಕೂತುಬಿಡಬಹುದು. ಎಲ್‌ಎಕ್ಯೂಗೆ ಅದು ನಡೆಯುವುದಿಲ್ಲ. ತಪ್ಪು ಅಂಕಿ ಕೊಟ್ಟು ಸದನದ ದಾರಿ ತಪ್ಪಿಸಿದರೆ ಹಕ್ಕುಚ್ಯುತಿ ಆಗುತ್ತದೆ, ಆಗ ಕಾಗದ ಹುಡುಕಿಕೊಂಡು ಕೆಳಗಿನ ಸಹಿಯವರೆಗೂ ಬರುತ್ತಾರೆ.

ಹೊರಗಿನವರಿಗೆ ಈ ವ್ಯವಸ್ಥೆ ಗೊತ್ತಿರುವುದು ಕಡಿಮೆ, ಅದಕ್ಕೇ ಎರಡು ಮಾತು. ಸದಸ್ಯರು ಮುಂಚಿತವಾಗಿ ಬರೆದು ಕೊಟ್ಟ ಪ್ರಶ್ನೆಗಳಲ್ಲಿ ಎರಡು ಜಾತಿ. ಚುಕ್ಕೆ ಗುರುತಿನದಕ್ಕೆ ಸಚಿವರು ಸದನದಲ್ಲಿ ಎದ್ದು ನಿಂತು ಉತ್ತರಿಸಬೇಕು, ಅದರ ಮೇಲೆ ಉಪಪ್ರಶ್ನೆ ಕೇಳಬಹುದು. ಚುಕ್ಕೆ ಗುರುತಿಲ್ಲದ್ದಕ್ಕೆ ಲಿಖಿತ ಉತ್ತರ ಮಾತ್ರ. ಲೋಕಸಭೆಯಲ್ಲೂ ಇದೇ ಕ್ರಮ; ಅಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆ, 230 ಗುರುತಿಲ್ಲದವು. ಪ್ರಶ್ನೋತ್ತರದ ಗಂಟೆ ಮುಗಿಯುವುದರೊಳಗೆ ಬಾಯಿಮಾತಿಗೆ ಸಿಗುವುದು ಕೆಲವೇ, ಮಿಕ್ಕವು ಲಿಖಿತ ಉತ್ತರವಾಗಿ ಹೋಗುತ್ತವೆ. ಪ್ರಶ್ನೆ ವಿಧಾನಸಭೆ ಸಚಿವಾಲಯದಿಂದ ಇಲಾಖೆಗೆ, ಅಲ್ಲಿಂದ ಆಯುಕ್ತರಿಗೆ, ಆಮೇಲೆ ಜಿಲ್ಲೆಗೆ, ತಾಲ್ಲೂಕಿಗೆ ಇಳಿಯುತ್ತದೆ. ಹೊರಡುವಾಗ ಎರಡು ವಾರದ ಸಮಯ ಇರುತ್ತದೋ ಏನೋ, ನಮ್ಮ ವಾಟ್ಸಾಪ್ ಗುಂಪಿಗೆ ಬರುವಾಗ 'ಅತಿ ಜರೂರು, ನಾಳೆ ಬೆಳಿಗ್ಗೆ 11ರೊಳಗೆ' ಅಂತ ಆಗಿರುತ್ತದೆ.

ಮಳೆಗಾಲದ ಅಧಿವೇಶನ ಅಂದರೆ ಕೊಡಗಿನಲ್ಲಿ ಇದರ ಕಥೆಯೇ ಬೇರೆ. ಬೆಂಗಳೂರಿನಲ್ಲಿ ಕೂತವರಿಗೆ ಜುಲೈ ಅಂದರೆ ಜುಲೈ. ಇಲ್ಲಿ ಭಾಗಮಂಡಲದ ರಸ್ತೆ ಮೇಲೆ ನೀರು, ಕರೆಂಟು ಹೋಗಿ ಎರಡು ದಿನ, ಅರ್ಧ ಸಿಬ್ಬಂದಿ ವಿಕೋಪದ ಡ್ಯೂಟಿಯಲ್ಲಿ. ಹೋಬಳಿಯಿಂದ ಬರಬೇಕಾದ ಅಂಕಿಗೆ ಫೋನ್ ಮಾಡಿದರೆ 'ನೆಟ್‌ವರ್ಕ್ ಇಲ್ಲ ಸರ್, ಗುಡ್ಡ ಹತ್ತಿ ಮಾತಾಡ್ತಾ ಇದ್ದೇನೆ' ಅನ್ನುವ ದನಿ. ಅದರ ಮೇಲೆ ಒಬ್ಬರು ನುಡಿ ತಂತ್ರಾಂಶದ ಹಳೆ ಫಾಂಟಿನಲ್ಲಿ ಟೈಪ್ ಮಾಡಿ ಕಳಿಸುತ್ತಾರೆ, ಇನ್ನೊಬ್ಬರು ಯೂನಿಕೋಡ್‌ನಲ್ಲಿ. ಎರಡನ್ನೂ ಸೇರಿಸಿದ ಅನುಬಂಧದಲ್ಲಿ ಒತ್ತಕ್ಷರವೆಲ್ಲ ಚೆಲ್ಲಾಪಿಲ್ಲಿ. ಈ ರಾಜ್ಯದಲ್ಲಿ ಎಷ್ಟು ಮಾನವ ಗಂಟೆ ಫಾಂಟ್ ಸರಿಮಾಡುವುದಕ್ಕೇ ಹೋಗಿದೆ ಅಂತ ಯಾರಾದರೂ ಒಂದು ಎಲ್‌ಎಕ್ಯೂ ಹಾಕಬೇಕು.

ಈಗ ವಿಷಯಕ್ಕೆ. ಪ್ರಶ್ನೆಪತ್ರ ಬಂದ ಕೂಡಲೇ ನಾನು ನೋಡುವುದು ಕೇಳಿದವರ ಹೆಸರನ್ನಲ್ಲ, (ಅ), (ಆ), (ಇ) ಹೇಗೆ ಜೋಡಿಸಿದ್ದಾರೆ ಅನ್ನುವುದನ್ನು. ಹೆಚ್ಚಿನವು ಹೀಗಿರುತ್ತವೆ: (ಅ) ಕೊಡಗು ಜಿಲ್ಲೆಯಲ್ಲಿ ಕಾಡಾನೆ ಹಾವಳಿಯಿಂದ ರೈತರು ಸಂಕಷ್ಟದಲ್ಲಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ, (ಆ) ಬಂದಿದ್ದಲ್ಲಿ, ಸರ್ಕಾರ ಕೈಗೊಂಡ ಕ್ರಮಗಳೇನು? ಇದಕ್ಕೆ ಉತ್ತರ ಬರೆಯುವುದು ನಮಗೆ ಅರ್ಧ ಗಂಟೆಯ ಕೆಲಸ. (ಅ)ಗೆ 'ಬಂದಿದೆ'. (ಆ)ಗೆ ಕಳೆದ ಸಲದ ಫೈಲಿನಿಂದ ಸೋಲಾರ್ ಬೇಲಿ, ಆನೆ ಕಂದಕ, ರೈಲ್ವೆ ಕಂಬಿಯ ತಡೆಗೋಡೆ, ಆನೆ ಕಾರ್ಯಪಡೆ ಅಂತ ಸಾಲು ಎತ್ತಿ ಹಾಕಿದರಾಯಿತು. ಇನ್ನು (ಅ)ಗೆ 'ಇಲ್ಲ' ಅಂತ ಬರೆಯಲು ದಾರಿ ಸಿಕ್ಕಿತೋ, (ಆ), (ಇ), (ಈ) ಎಲ್ಲದಕ್ಕೂ ಒಂದೇ ಗೆರೆ ಎಳೆದು 'ಉದ್ಭವಿಸುವುದಿಲ್ಲ'. ಮೊದಲ ಮೆಟ್ಟಿಲು ಕಿತ್ತರೆ ಮಿಕ್ಕ ಮೆಟ್ಟಿಲಿಗೆ ಕಾಲೇ ಇಡಬೇಕಾಗಿಲ್ಲ. ಪ್ರಶ್ನೆ ಕೇಳಿದ ಸದಸ್ಯರಿಗೆ ಪತ್ರಿಕೆಯಲ್ಲಿ ಹೆಸರು ಬರುತ್ತದೆ, ನಮಗೂ ತೊಂದರೆ ಇಲ್ಲ, ತೋಟದವನಿಗೆ ಏನೂ ಇಲ್ಲ.

ಇನ್ನೊಂದು ಬಗೆಯದು ಬರುತ್ತದೆ, ಅಪರೂಪಕ್ಕೆ. ಬೆಳೆ ಹಾನಿ ಪರಿಹಾರಕ್ಕೆ ಕಳೆದ ಮೂರು ಸಾಲುಗಳಲ್ಲಿ ತಾಲ್ಲೂಕುವಾರು ಬಂದ ಅರ್ಜಿ ಎಷ್ಟು, ಪಾವತಿಯಾದದ್ದು ಎಷ್ಟು, ತಿರಸ್ಕರಿಸಿದ್ದು ಎಷ್ಟು, ಬಾಕಿ ಎಷ್ಟು, ಬಾಕಿಯಲ್ಲಿ ಆರು ತಿಂಗಳು ಮೀರಿದ್ದು ಎಷ್ಟು, ಪ್ರತಿಯೊಂದಕ್ಕೂ ಕಾರಣವೇನು? ಇಲ್ಲಿ 'ಗಮನಕ್ಕೆ ಬಂದಿದೆಯೇ' ಅನ್ನುವುದೇ ಇಲ್ಲ. ನುಣುಚಿಕೊಳ್ಳಲು ಜಾಗ ಇಲ್ಲ. ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆಯ ಜೊತೆಗೆ ಈಗ ಪೊನ್ನಂಪೇಟೆ, ಕುಶಾಲನಗರವೂ ಸೇರಿ ಐದು ತಾಲ್ಲೂಕು. ಹಳೆಯ ಸಾಲಿನ ಅರ್ಜಿ ಹಳೆಯ ತಾಲ್ಲೂಕಿನ ಲೆಕ್ಕದಲ್ಲಿ, ಹೊಸದು ಹೊಸದರಲ್ಲಿ. ಮೊದಲು ಅದನ್ನು ಬಿಡಿಸಬೇಕು.

ಅಂಥದ್ದೊಂದು ಪಟ್ಟಿ ಮಾಡುವಾಗಲೇ ನಾನು ಈ ಕೆಲಸ ಕಲಿತದ್ದು. ಎಲ್ಲ ತಾಲ್ಲೂಕಿನಿಂದಲೂ ಕಾರಣದ ಅಂಕಣದಲ್ಲಿ ಬಂದದ್ದು ಒಂದೇ ಮಾತು: ದಾಖಲೆ ಕೊರತೆ. ನಮ್ಮ ಶಿರಸ್ತೇದಾರ್ ಮೇಡಂ ಅದನ್ನು ವಾಪಸ್ ತಳ್ಳಿದರು. 'ಇದನ್ನು ಹೀಗೇ ಕಳಿಸಿದರೆ ಯಾವ ದಾಖಲೆ ಅಂತ ಉಪಪ್ರಶ್ನೆ ಬರ್ತದೆ. ಸಾಹೇಬ್ರು ಅಲ್ಲಿ ನಿಂತು ಏನು ಹೇಳ್ಬೇಕು ಮಾರಾಯ್ರೆ? ಫೈಲ್ ಬಿಚ್ಚಿ.' ಬಿಚ್ಚಿದೆವು. ಒಂದು ದೊಡ್ಡ ಕಟ್ಟು ಜಮ್ಮಾ ಬಾಣೆಯ, ಅಂದರೆ ವಂಶಪಾರಂಪರ್ಯವಾಗಿ ಬಂದ ಕುಟುಂಬದ ಜಾಗದ ತೋಟಗಳದು. ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಆರ್‌ಟಿಸಿಯಲ್ಲಿ (ಪಹಣಿಯಲ್ಲಿ) ಇರುವುದು ಎಂದೋ ತೀರಿಕೊಂಡ ಪಟ್ಟೆದಾರರ ಹೆಸರು, ಅದರ ಕೆಳಗೆ ಕುಟುಂಬದ ಹತ್ತಾರು ಪಾಲುದಾರರು, ಅವರಲ್ಲಿ ಕೆಲವರು ಬೆಂಗಳೂರಿನಲ್ಲಿ, ಕೆಲವರು ವಿದೇಶದಲ್ಲಿ. ಆನೆ ತುಳಿದ ಕಾಫಿ ಗಿಡ ಒಬ್ಬನದು, ಒಪ್ಪಿಗೆ ಸಹಿ ಬೇಕಾದದ್ದು ಎಲ್ಲರದು. ಇದು ನಿಜವಾಗಿಯೂ ದಾಖಲೆಯ ತೊಡಕು, ಅದಕ್ಕೆ ಮೇಲಿನಿಂದಲೇ ಒಂದು ತೀರ್ಮಾನ ಆಗಬೇಕು. ಆದರೆ ಇನ್ನೊಂದು ಕಟ್ಟಿನಲ್ಲಿ ಕೊರತೆಯೇ ಇರಲಿಲ್ಲ. ಫೋಟೋ, ಮಹಜರು, ಬ್ಯಾಂಕ್ ಪಾಸ್‌ಬುಕ್ ಪ್ರತಿ ಎಲ್ಲ ಇತ್ತು. ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗಿರಲಿಲ್ಲ, ಅಷ್ಟೇ.

ಆ ಎರಡನೆಯ ಕಟ್ಟಿನ ಬಹುಪಾಲು ಉತ್ತರದ ದಿನಾಂಕದ ಒಳಗೇ ವಿಲೇವಾರಿಯಾಯಿತು. ಯಾವ ಅಧಿಕಾರಿಗೂ ಬಾಕಿ ಅಂಕಣದಲ್ಲಿ ದೊಡ್ಡ ಅಂಕಿ ಕೊಟ್ಟು ಸಹಿ ಹಾಕುವುದು ಬೇಕಿರುವುದಿಲ್ಲ. ಪ್ರಶ್ನೆ ಸದನದಲ್ಲಿ ಚರ್ಚೆಗೆ ಬಂತಾ ಅಂದರೆ ಇಲ್ಲ. ಆ ದಿನ ಪಟ್ಟಿಯಲ್ಲಿ ಅದರ ಸರದಿ ಬರುವ ಮೊದಲೇ ಗಂಟೆ ಮುಗಿದಿತ್ತು.

ಅಂದಿನಿಂದ ನನ್ನ ರಿಜಿಸ್ಟರಿನಲ್ಲಿ 'ಬಾಕಿ' ಅಂತ ಒಂದೇ ಅಂಕಣ ಇಲ್ಲ. ಅರ್ಜಿದಾರರಿಂದ ಬರಬೇಕಾದದ್ದು, ನಮ್ಮಿಂದ ಆಗಬೇಕಾದದ್ದು, ಬೇರೆ ಇಲಾಖೆಯಲ್ಲಿ ಇರುವುದು, ಸರ್ಕಾರದ ಆದೇಶಕ್ಕೆ ಕಾದಿರುವುದು ಅಂತ ಬೇರೆ ಬೇರೆ ಬರೆದಿಡುತ್ತೇನೆ. ಪ್ರತಿ ಅಂಕಿಯ ಪಕ್ಕದಲ್ಲಿ ಅದು ಯಾವ ಫೈಲಿನಿಂದ, ಯಾವ ದಿನಕ್ಕೆ ಅಂತ ಪೆನ್ಸಿಲಿನಲ್ಲಿ ಗುರುತು. ಹೊಸದಾಗಿ ಬಂದ ಹುಡುಗರಿಗೆ ಇದು ಅತಿ ಅನಿಸುತ್ತದೆ. ಒಂದು ಅಧಿವೇಶನ ಕಳೆದ ಮೇಲೆ ತಾವೇ ಕೇಳಿಕೊಂಡು ಬರುತ್ತಾರೆ.

ಯಾವ ಹಂತವನ್ನು ಕೇಳಿದ್ದಾರೆ ಅನ್ನುವುದೂ ಇಷ್ಟೇ ಮುಖ್ಯ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಮನೆ ಕಳೆದುಕೊಂಡವರಿಗೆ ಜಂಬೂರು, ಮದೆ, ಕರ್ಣಂಗೇರಿ, ಗಾಳಿಬೀಡು, ಬಿಳಿಗೇರಿಗಳಲ್ಲಿ ಬಡಾವಣೆ ಮಾಡಿದರಲ್ಲ, ಅಂಥ ಕಡೆ ಮಂಜೂರಾದ ಮನೆ, ಕಟ್ಟಿ ಮುಗಿದ ಮನೆ, ಹಸ್ತಾಂತರವಾದ ಮನೆ, ಹಕ್ಕುಪತ್ರ ಸಿಕ್ಕ ಮನೆ, ಜನ ವಾಸವಿರುವ ಮನೆ ಅಂದರೆ ಐದು ಬೇರೆ ಬೇರೆ ಅಂಕಿ. 'ಎಷ್ಟು ಮನೆ ನೀಡಲಾಗಿದೆ' ಅಂತ ಕೇಳಿದರೆ ಐದರಲ್ಲಿ ಯಾವುದು ಚೆಂದವೋ ಅದನ್ನು ಕೊಡುತ್ತಾರೆ. ಅದು ಸುಳ್ಳೂ ಅಲ್ಲ.

ಎಲ್ಲಿ ಕೇಳಬೇಕು ಅನ್ನುವುದರಲ್ಲೂ ನಮ್ಮವರು ಎಡವುತ್ತಾರೆ. ಕಾಫಿ ಮಂಡಳಿ ಕೇಂದ್ರದ ವಾಣಿಜ್ಯ ಸಚಿವಾಲಯದ ಕೆಳಗೆ ಬರುತ್ತದೆ. ಕರಿಮೆಣಸಿನ ಆಮದು, ಬ್ಯಾಂಕ್ ಸಾಲ ವಸೂಲಿಯ ಸರ್ಫೇಸಿ ಕಾಯ್ದೆ ಕೂಡ ದೆಹಲಿಯವು. ಇವನ್ನು ವಿಧಾನಸಭೆಯಲ್ಲಿ ಕೇಳಿದರೆ 'ಕೇಂದ್ರ ಸರ್ಕಾರದ ವ್ಯಾಪ್ತಿಗೆ ಬರುತ್ತದೆ' ಅಂತ ಒಂದೇ ಸಾಲು ಹೋಗುತ್ತದೆ. ಅದನ್ನು ಮೈಸೂರು-ಕೊಡಗು ಸಂಸದರ ಮೂಲಕ ಲೋಕಸಭೆಯಲ್ಲಿ ಕೇಳಿಸಬೇಕು. ಪೈಸಾರಿ ಅನ್ನುವ ಸರ್ಕಾರಿ ಜಾಗ, ಸರ್ಕಾರಿ ಜಾಗದಲ್ಲಿ ಕಟ್ಟಿದ ಮನೆಗೆ ಕೊಡುವ 94-ಸಿ ಹಕ್ಕುಪತ್ರ, ಕೃಷಿಗೆ ಯೋಗ್ಯವಲ್ಲ ಅಂತ ಗುರುತಿಸಿದ ಸಿ ಅಂಡ್ ಡಿ ಭೂಮಿ ಇವೆಲ್ಲ ಬೆಂಗಳೂರಿನವು.

ಇನ್ನು ಕೇಳುವವರು ಎಷ್ಟು ಮಂದಿ ಅಂತ ನೋಡಿ. 1952ರಿಂದ 1956ರವರೆಗೆ ಕೊಡಗು ತಾನೇ ಒಂದು ರಾಜ್ಯವಾಗಿ ಇದ್ದಾಗ, ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ, ಸುಮಾರು 2.3 ಲಕ್ಷ ಜನಕ್ಕೆ 24 ಮಂದಿ ಶಾಸಕರು. ಈಗ 2011ರ ಜನಗಣತಿಯಂತೆ ಐದೂವರೆ ಲಕ್ಷ ದಾಟಿದ ಜಿಲ್ಲೆಗೆ ಮಡಿಕೇರಿ, ವಿರಾಜಪೇಟೆ ಅಂತ ಎರಡೇ ಕ್ಷೇತ್ರ, ಒಟ್ಟು 224ರಲ್ಲಿ. 2008ಕ್ಕೆ ಮುಂಚೆ ಸೋಮವಾರಪೇಟೆಯೂ ಸೇರಿ ಮೂರಿತ್ತು. ಇಬ್ಬರಲ್ಲಿ ಒಬ್ಬರು ಮಂತ್ರಿಯಾದರೆ ಅವರು ಉತ್ತರ ಕೊಡುವ ಕಡೆ ಕೂರುತ್ತಾರೆ, ಪ್ರಶ್ನೆ ಕೇಳುವ ಹಾಗಿಲ್ಲ. ಆಡಳಿತ ಪಕ್ಷದವರಾದರೆ ಕೇಳಬಹುದು, ಆದರೆ ದನಿ ಸ್ವಲ್ಪ ಮೆತ್ತಗಿರುತ್ತದೆ. ಇದು ಯಾವ ಪಕ್ಷ ಬಂದರೂ ನಾನು ಕಂಡದ್ದು. ಅದಕ್ಕೇ ಕೊಡಗಿನ ಬಗ್ಗೆ ಗಟ್ಟಿ ಪ್ರಶ್ನೆಗಳು ಕೆಲವೊಮ್ಮೆ ಪರಿಷತ್ತಿನಿಂದ, ಇಲ್ಲವೇ ಇದೇ ಆನೆ ಕಾಟ ಇರುವ ಹಾಸನ, ಚಿಕ್ಕಮಗಳೂರಿನ ಸದಸ್ಯರಿಂದ ಬರುತ್ತವೆ. ಪರಿಷತ್ತಿಗೆ ನಮ್ಮ ಸ್ಥಳೀಯ ಸಂಸ್ಥೆಗಳಿಂದಲೇ ಒಬ್ಬರು ಆರಿಸಿ ಹೋಗುತ್ತಾರೆ ಅನ್ನುವುದು ಗ್ರಾಮ ಪಂಚಾಯಿತಿ ಸದಸ್ಯರಿಗೆ ಚುನಾವಣೆ ಮುಗಿದ ಮೇಲೆ ನೆನಪಿರುವುದಿಲ್ಲ.

ಪ್ರಶ್ನೆ ಕೇಳುವ ಹಕ್ಕು ಸುಮ್ಮನೆ ಬಂದದ್ದೂ ಅಲ್ಲ. ಬ್ರಿಟಿಷರು 1892ರ ಕಾಯ್ದೆಯಲ್ಲಿ ಶಾಸನ ಸಭೆಯ ಸದಸ್ಯರಿಗೆ ಪ್ರಶ್ನೆ ಕೇಳಲು ಬಿಟ್ಟರು, ಉಪಪ್ರಶ್ನೆಗೆ ಬಿಡಲಿಲ್ಲ. ಅದು ಸಿಕ್ಕಿದ್ದು 1909ರಲ್ಲಿ, ಅದೂ ಮೂಲ ಪ್ರಶ್ನೆ ಕೇಳಿದವರಿಗೆ ಮಾತ್ರ. ಉತ್ತರ ಕೊಡುವವರು ಹೆದರುವುದು ಯಾವುದಕ್ಕೆ ಅಂತ ಅವರಿಗೂ ಗೊತ್ತಿತ್ತು. 1893ರಲ್ಲಿ ಕೇಳಿದ ಮೊದಲ ಪ್ರಶ್ನೆ, ಪ್ರವಾಸದ ಮೇಲೆ ಬರುವ ಸರ್ಕಾರಿ ಅಧಿಕಾರಿಗಳಿಗೆ ಸಾಮಾನು ಒದಗಿಸಿ ಹಳ್ಳಿಯ ಅಂಗಡಿಯವರು ಪಡುವ ಕಷ್ಟದ ಕುರಿತು. ತಪಾಸಣೆಗೆ ಮೇಲಿನವರು ಬರುತ್ತಾರೆ ಅಂದಾಗ ಊಟ, ವಾಹನ, ಕಾಫಿಪುಡಿ ಪೊಟ್ಟಣಕ್ಕೆ ಓಡಾಡುವವರಿಗೆ ಈ ಪ್ರಶ್ನೆ ಇವತ್ತಿಗೂ ಹಳತಾಗಿಲ್ಲ. 1957ರಲ್ಲಿ ಎಲ್‌ಐಸಿ ಹಣ ಉದ್ಯಮಿ ಹರಿದಾಸ್ ಮುಂಧ್ರಾನ ಕಂಪನಿಗಳಿಗೆ ಹೋಯಿತೇ ಅಂತ ಲೋಕಸಭೆಯಲ್ಲಿ ಕೇಳಿದ ಪ್ರಶ್ನೆಯೂ ಮೊದಲಿಗೆ ಹಾರಿಕೆಯ ಉತ್ತರ ಕಂಡಿತ್ತು. ಸಂಸದ ಫಿರೋಜ್ ಗಾಂಧಿ ಬಿಡದೆ ಬೆನ್ನು ಹತ್ತಿದರು, ವಿಚಾರಣಾ ಆಯೋಗ ಬಂತು, 1958ರಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು.

ಉತ್ತರ ಬರೆಯುವವರು ಇನ್ನೊಂದನ್ನು ಎಚ್ಚರದಿಂದ ನೋಡುತ್ತೇವೆ, ಅದು ಭರವಸೆ. ಸಚಿವರು ಸದನದಲ್ಲಿ 'ಮೂರು ತಿಂಗಳಲ್ಲಿ ಮಾಡಿಸುತ್ತೇವೆ' ಅಂದರೆ ಅದು ಸರ್ಕಾರಿ ಭರವಸೆಗಳ ಸಮಿತಿಯ ಪಟ್ಟಿಗೆ ಸೇರುತ್ತದೆ. ಲೋಕಸಭೆಯಲ್ಲಿ ಈ ಸಮಿತಿ 1953ರಿಂದ ಇದೆ, ನಮ್ಮ ವಿಧಾನಮಂಡಲದಲ್ಲೂ ಇದೆ. ಪಟ್ಟಿಗೆ ಸೇರಿದ ಮೇಲೆ ಅನುಪಾಲನಾ ವರದಿ ಕೊಡುವವರೆಗೆ ಬಿಡುಗಡೆ ಇಲ್ಲ; ಮಂತ್ರಿ ಬದಲಾಗಬಹುದು, ಅಧಿಕಾರಿ ವರ್ಗವಾಗಬಹುದು, ಜ್ಞಾಪನ ಬರುತ್ತಲೇ ಇರುತ್ತದೆ. ಹಾಗಾಗಿ ಕೆಳಗಿನಿಂದಲೇ 'ಅನುದಾನದ ಲಭ್ಯತೆಯನ್ನು ಆಧರಿಸಿ' ಅಂತ ಒಂದು ತುಂಡು ಸೇರಿಸಿ ಕಳಿಸುವ ರೂಢಿ. ಶಾಣ್ಯಾ ಸದಸ್ಯರು ಉಪಪ್ರಶ್ನೆಯಲ್ಲಿ ಮೊದಲು ಕೈಹಾಕುವುದೇ ಆ ತುಂಡಿಗೆ: ಅನುದಾನ ಯಾವ ಲೆಕ್ಕ ಶೀರ್ಷಿಕೆಯಲ್ಲಿ, ಈ ಸಾಲಿನಲ್ಲಿ ಇಟ್ಟಿದ್ದೀರಾ ಇಲ್ಲವಾ?

ಶಾಸಕರ ಮನೆಗೆ ಅಹವಾಲು ಹಿಡಿದು ಹೋಗುವವರು ನನಗೆ ಪರಿಚಯದವರಾದರೆ ಒಂದು ಮಾತು ಹೇಳುತ್ತೇನೆ. ಕಷ್ಟ ಹೇಳಿಕೊಳ್ಳಿ, ಅದರ ಜೊತೆಗೆ ಅರ್ಜಿ ಕೊಟ್ಟ ದಿನಾಂಕ, ಸ್ವೀಕೃತಿ ಸಂಖ್ಯೆ, ಸರ್ವೆ ನಂಬರ್, ಕೊನೆಯ ಸಲ ಕಚೇರಿಯಲ್ಲಿ ಏನು ಹೇಳಿದರು ಅನ್ನುವುದನ್ನು ಒಂದು ಹಾಳೆಯಲ್ಲಿ ಬರೆದು ಅವರ ಆಪ್ತ ಸಹಾಯಕರ ಕೈಗೆ ಕೊಡಿ. ನಿಮ್ಮ ಊರಿನ ಇನ್ನೂ ನಾಲ್ಕು ಜನರದು ಹಾಗೇ ಇದ್ದರೆ ಅವರದನ್ನೂ ಸೇರಿಸಿ. ಒಬ್ಬರ ಫೈಲಿನ ಬಗ್ಗೆ ಫೋನ್ ಬಂದರೆ ಆ ಫೈಲ್ ಮಾತ್ರ ಮೇಲೆ ಬರುತ್ತದೆ, ಮಿಕ್ಕವು ಅಲ್ಲೇ ಇರುತ್ತವೆ. ಐದು ಜನರದು ಸೇರಿ ತಾಲ್ಲೂಕುವಾರು ಪ್ರಶ್ನೆಯಾಗಿ ಬಂದರೆ ನಾವು ಇಡೀ ಕಟ್ಟು ಬಿಚ್ಚಬೇಕಾಗುತ್ತದೆ. ಡಿಸೆಂಬರಿನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ಅಂದರೆ ನವೆಂಬರ್ ಮೊದಲ ವಾರದೊಳಗೆ ಆ ಹಾಳೆ ಅವರ ಕೈಯಲ್ಲಿ ಇರಲಿ.