ಬಂಗುಡೆಗೆ ಬರೀ ಲಿಂಬೆ

ಇಸ್ತಾಂಬುಲ್, ಮೊದಲ ದಿನ. ಬೆನ್ನಲ್ಲಿ ಹತ್ತು ಕೆಜಿ ಬ್ಯಾಗು. 537ರಲ್ಲಿ ಚರ್ಚಾಗಿ ಕಟ್ಟಿ ಮುಗಿಸಿದ, ಈಗ ಮಸೀದಿಯಾಗಿರುವ ಹಾಗಿಯಾ ಸೋಫಿಯಾದ ಎದುರು ನಿಂತಾಗ ದೊಡ್ಡದಾಗಿ ಏನಾದ್ರೂ ಅನಿಸಬೇಕಿತ್ತು ಅಲ್ವಾ, ಅನಿಸಿದ್ದು ಹಸಿವು ಮಾತ್ರ.

ಹಾಗೇ ಇಳಿಜಾರು ಬೀದಿ ಹಿಡಿದು, ಜನರ ಮಧ್ಯೆ ನುಗ್ಗಿ ಎಮಿನೊನು ದಡಕ್ಕೆ ಬಂದೆ. ಗಲಾಟಾ ಸೇತುವೆ ಮೇಲೆ ಗಾಳ ಹಿಡಿದವರ ಸಾಲು, ಅಡಿಯಲ್ಲಿ ಹೋಟೆಲುಗಳು, ಕಡಲಹಕ್ಕಿಗಳ ಕಿರುಚಾಟ, ಮತ್ತೆ ಆ ವಾಸನೆ! ಕಣ್ಣು ಮುಚ್ಚಿದರೆ ನಮ್ಮ ಮಂಗಳೂರಿನ ಮೀನು ದಕ್ಕೆಯೇ. 'ಬಾಲಿಕ್ ಎಕ್ಮೆಕ್' ಅಂತ ಮಾರುತ್ತಿದ್ದರು, ಅಂದರೆ ಮೀನು-ಬ್ರೆಡ್ಡು. ಬಿಡಿಸಿ ನೋಡಿದರೆ ಒಳಗೆ ನಮ್ಮ ಬಂಗುಡೆಯ ದಾಯಾದಿ! ಮುಳ್ಳು ತೆಗೆದು ಸುಟ್ಟು, ನೀರುಳ್ಳಿ, ಸೊಪ್ಪು ಇಟ್ಟು ಲಿಂಬೆ ಹಿಂಡಿದ್ದಾರೆ. ಮೆಣಸು? ಇಲ್ಲ ಮಾರಾಯ್ರೆ.

ಅಮ್ಮನಿಗೆ ವಿಡಿಯೋ ಕಾಲ್ ಮಾಡಿದೆ. ಸೇತುವೆ, ಮಸೀದಿಯ ಗುಮ್ಮಟ, ಕಡಲು ಎಲ್ಲ ತಿರುಗಿಸಿ ತಿರುಗಿಸಿ ತೋರಿಸಿದರೂ ಅವರ ಕಣ್ಣು ಬ್ರೆಡ್ಡಿನ ಮೇಲೇ. "ಪಾಪ, ಹುಳಿ-ಖಾರದ ಪುಳಿಮುಂಚಿ ಮಾಡ್ಲಿಕ್ಕೆ ಗೊತ್ತಿಲ್ವಾ ಅವರಿಗೆ? ಕಿಲೋಗೆ ಎಷ್ಟಂತೆ, ಕೇಳು."

ಮಾರುವವನನ್ನು ಕೇಳಿದೆ. ಅವನಿಗೆ ನನ್ನ ಇಂಗ್ಲಿಷ್ ಅರ್ಥವಾಗಲಿಲ್ಲ. ಸುಮ್ನೆ ನಕ್ಕು ಇನ್ನೊಂದು ಹೋಳು ಲಿಂಬೆ ಕೊಟ್ಟ.